ತೊಳೆದು ಚೆಲ್ಲಿದ ಲೋಳೆ

ಗಂಗೊಳ್ಳಿ ಕಡಲಗೋಡೆ ಮೇಲಿನ ಪ್ರಯೋಗಶಾಲೆ
ಇಸವಿ ೨೨೦೩, ಏಳನೆಯ ಬೇಸಿಗೆ ತಿಂಗಳು

ಕಡಲ ಸ್ಪಂಜಿನಲ್ಲಿ ಔಷಧ ಹುಡುಕುತ್ತಿರುವ ಹಿರಿಯರೇ,

ನೀವು ಇನ್ನೂ ಬದುಕಿರುವ ಕಾಲಕ್ಕೆ ಈ ಕಾಗದ ಬರೆಯುತ್ತಿದ್ದೇನೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಮ್ಮಲ್ಲಿ ವರ್ಷಕ್ಕೆ ಒಂಬತ್ತು ತಿಂಗಳು ಬೇಸಿಗೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಯಾರೂ ಬಾಗಿಲು ತೆರೆಯುವುದಿಲ್ಲ. ಅದನ್ನು ನೆರಳುಹೊತ್ತು ಎನ್ನುತ್ತೇವೆ. ಮೀನೆಂದರೆ ತೊಟ್ಟಿಯಲ್ಲಿ ಬೆಳೆಸಿದ ಬಿಳಿಚಿಕೊಂಡ ಮೀನು, ಸಾರು ಮಾಡಿದರೆ ವಾಸನೆಯೂ ಬರುವುದಿಲ್ಲ. ಮಕ್ಕಳನ್ನು ಹಿಡಿದಿರುವ ಕಾಯಿಲೆಗೆ ಒಳಮುನಿಸು ಎಂದು ಹೆಸರು. ರೋಗದ ವಿರುದ್ಧ ಕಾದಾಡಬೇಕಾದ ಬಿಳಿ ರಕ್ತಕಣಗಳೇ ಮೈಮೇಲೆ ತಿರುಗಿ ಬೀಳುತ್ತವೆ, ಹಗಲೂ ರಾತ್ರಿ ಮೈ ಉರಿಯುತ್ತದೆ. ನನ್ನ ಮಗಳು ಚಿನ್ಮಯಿಗೆ ಹನ್ನೊಂದು ವರ್ಷ. ಎರಡು ವರ್ಷದಿಂದ ಅವಳಿಗೂ ಅದೇ.

ಇದಕ್ಕೆ ಮದ್ದು ನಿಮ್ಮ ಪುಸ್ತಕದಲ್ಲಿತ್ತು. ಬಂಡೆಗೆ ಅಂಟಿ ಬೆಳೆಯುವ ಹಳದಿ ಸ್ಪಂಜಿನ ಸತ್ವ ಆ ಕಣಗಳೊಳಗಿನ ಒಂದು ಪ್ರೋಟೀನನ್ನು ಹಿಡಿದುಕೊಂಡು ಅದರ ಆರ್ಭಟ ಅಡಗಿಸುತ್ತದೆ ಎಂದು ಬರೆದಿದ್ದಿರಿ. ಮಾಡುವ ವಿಧಾನವನ್ನೂ ಕೊಟ್ಟಿದ್ದಿರಿ: ಮೊದಲು ಸ್ಪಂಜನ್ನು ಸಿಹಿನೀರಿನಲ್ಲಿ ಮೂರು ಸಲ ತೊಳೆಯಬೇಕು. ಕೆಲಸಕ್ಕೆ ಮುಂಚೆ ಎದ್ದು ನಿಂತು ಹಳಬರ ವಿಧಾನವನ್ನು ಗಟ್ಟಿಯಾಗಿ ಓದುವುದು ನಮ್ಮ ಪದ್ಧತಿ. ಅದರಲ್ಲಿ ಒಂದಕ್ಷರ ಆಚೀಚೆ ಮಾಡುವಂತಿಲ್ಲ.

ಕಳೆದ ತಿಂಗಳು ಮುಳುಗುಗಾರ ಶೀನ ಮೊಗವೀರ ಹನ್ನೆರಡು ದಿನ ಹುಡುಕಿ ಅಂಗೈಯಗಲದ ಒಂದು ಸ್ಪಂಜು ತಂದ. ಇನ್ನೊಂದು ಎಲ್ಲೂ ಇಲ್ಲ ಎಂದ. ನಾನು ನಲ್ಲಿ ತಿರುಗಿಸಿದ್ದನ್ನು ಕಂಡು, "ಲೋಳಿ ತೊಳೂಕಾಗ ಅಮ್ಮ, ಅದ್ರಗೇ ಜೀವ ಇಪ್ದ್" ಎಂದ. ಓದಿದವಳು ನಾನು, ಲೋಳೆ ತೊಳೆಯಬಾರದು, ಜೀವ ಇರುವುದೇ ಅದರಲ್ಲಿ ಎಂಬ ಅವನ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಸಲ ತೊಳೆದೆ.

ಒಣಗಿಸಿ, ಪುಡಿ ಮಾಡಿ, ಸತ್ವ ತೆಗೆದು ಚಿನ್ಮಯಿಯ ರಕ್ತಕಣಗಳ ಮೇಲೆ ಹಾಕಿದರೆ ಏನೂ ಆಗಲಿಲ್ಲ. ತೊಳೆದ ಬೋಗುಣಿಯ ಅಂಚಿಗೆ ಚೂರು ಲೋಳೆ ಅಂಟಿತ್ತು. ಅದನ್ನು ಕೆರೆದು ಹಾಕಿದೆ. ಕಣಗಳು ತಣ್ಣಗಾದವು. ಮದ್ದು ಇದ್ದದ್ದು ಸ್ಪಂಜಿನಲ್ಲಲ್ಲ, ಅದರ ಲೋಳೆಯಲ್ಲಿ ಬದುಕುವ ಸೂಕ್ಷ್ಮಜೀವಿಗಳಲ್ಲಿ. ನಿಮಗೆ ಬುಟ್ಟಿಗಟ್ಟಲೆ ಸ್ಪಂಜು ಸಿಗುತ್ತಿತ್ತು, ತೊಳೆದ ಮೇಲೆ ಉಳಿದದ್ದೇ ಸಾಕಾಗುತ್ತಿತ್ತು. ನನ್ನ ಒಂದೇ ಸ್ಪಂಜಿನ ಲೋಳೆ ಚರಂಡಿ ಸೇರಿತು. ಬೋಗುಣಿಗೆ ಅಂಟಿದ್ದ ಚೂರಿನಲ್ಲೂ ಸಿಹಿನೀರು ತಾಗಿ ಜೀವಿಗಳು ಸತ್ತಿದ್ದವು. ಮತ್ತೆ ಬೆಳೆಸಲು ಆಗಲಿಲ್ಲ. ನಿಮ್ಮ ಮೇಲೆ ಸಿಟ್ಟಿದೆ, ಸುಳ್ಳು ಹೇಳುವುದಿಲ್ಲ. ನನ್ನ ಮೇಲೆ ಅದಕ್ಕಿಂತ ಹೆಚ್ಚಿದೆ.

ದಯವಿಟ್ಟು ತೊಳೆಯಬೇಕೆಂಬ ಆ ಸಾಲನ್ನು ಹೊಡೆದುಹಾಕಿ. ಸ್ಪಂಜನ್ನು ಲೋಳೆ ಸಮೇತ ಕಡಲ ನೀರಿನಲ್ಲೇ ಇಡಿ, ಒಂದು ಪಾಲನ್ನು ಜೀವಂತ ಉಳಿಸಿ. ಅದನ್ನು ತಂದುಕೊಟ್ಟವರು ಏನು ಹೇಳುತ್ತಾರೆಂದು ಕೇಳಿ, ಅದನ್ನೂ ಬರೆದಿಡಿ.

ಸ್ಪಂಜು ಸಿಕ್ಕಿದ್ದು ಚಿನ್ಮಯಿಗೆ ಗೊತ್ತು, ಆಮೇಲಿನದ್ದನ್ನು ಹೇಳುವ ಧೈರ್ಯ ನನಗೆ ಬಂದಿಲ್ಲ. ದಿನಾ ಬೆಳಿಗ್ಗೆ ಬರೀ ಉಪ್ಪುನೀರನ್ನು ಮದ್ದೆಂದು ಚುಚ್ಚುತ್ತೇನೆ. ಇವತ್ತು ನನ್ನ ಮುಖವನ್ನೇ ನೋಡುತ್ತಾ, ಹಲ್ಲು ಕಚ್ಚಿಕೊಂಡು, "ಅಮ್ಮ, ಉರಿ ಕಮ್ಮಿ ಆಯ್ತ್" ಎಂದಳು.

ಇಂತಿ,
ಸುಗುಣಾ ಕಾಂಚನ್