ಏಳುನೂರು ಗ್ರಾಂ

ಗುಬ್ಬಿ
17-8-2003

ಚಿ. ಸೌ. ಶಾಂತಲಾಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ಸುಳ್ಳು, ಧೈರ್ಯವಿರಲಿಲ್ಲ. ನಿನಗೆ ಮೂರು ತಿಂಗಳೆಂದು ಓದಿ ಹಿಗ್ಗಿದೆ. ಮುಂದಿನ ಸಾಲು ಓದಿ ಹಾಗೇ ಕುಳಿತುಬಿಟ್ಟೆ: ‘ಅಮ್ಮಾ, ಹಾಸ್ಟೆಲ್‌ಗೆ ಕಳಿಸ್ತಿದ್ದೆಯಲ್ಲ, ಅದೇ ಹಿಟ್ಟು ಮಾಡಿ ಕಳ್ಸು. ನಿನ್ನ ಕೈಯದು ಬಿಟ್ರೆ ನಾನು ಯಾವುದನ್ನೂ ನಂಬಲ್ಲ.’

ನಿಮ್ಮಪ್ಪ ಚೆನ್ನಾಗಿದ್ದಾರೆ. ನಮ್ಮ ಅಂಗನವಾಡಿಗೆ ಹೊಸ ತಕ್ಕಡಿ ಬಂದಿದೆ. ಮಕ್ಕಳನ್ನು ತೂಗುವಾಗಲೆಲ್ಲ ನಾಲ್ಕು ವರ್ಷದ ಹಿಂದಿನ ಆ ದಿನ ಕಣ್ಣಿಗೆ ಕಟ್ಟುತ್ತದೆ. ತುಮಕೂರಿನಲ್ಲಿ ವೇಟ್‌ಲಿಫ್ಟಿಂಗ್ ಆಯ್ಕೆ. ಐವತ್ತಮೂರು ಕೆ.ಜಿ. ದಾಟಬಾರದು. ನೀನು ಏಳುನೂರು ಗ್ರಾಂ ಹೆಚ್ಚಿದ್ದೆ. ತೂಕ ಇಳಿಸಲು ಎರಡು ಸ್ವೆಟರ್ ಹಾಕಿಕೊಂಡು ಬಿಸಿಲಲ್ಲಿ ಓಡಿದೆ, ಮೈನೀರು ಕಳೆಯಲೆಂದು ಉಗುಳಿದೆ, ಕೊನೆಗೆ ಜಡೆಯನ್ನೂ ಕತ್ತರಿಸಿಕೊಂಡೆ. ಆದರೂ ಇನ್ನೂರು ಗ್ರಾಂ ಉಳಿಯಿತು. ಆ ಕೋಚ್ ತಿಮ್ಮೇಶ ಎಲ್ಲರೆದುರು, ‘ಕದ್ದು ತಿಂದವ್ಳೆ ಇವ್ಳು. ನಾಲ್ಗೆ ಕಟ್ಟಾಕಾಗ್ದವ್ಳು ಕಬ್ಬಿಣ ಏನ್ ಎತ್ತಾಳು!’ ಎಂದ. ಕ್ರೀಡಾ ಹಾಸ್ಟೆಲ್ ಸೀಟೂ ಹೋಯಿತು. ‘ಒಂದು ಬೋಂಡಾನೂ ಮುಟ್ಟಿಲ್ಲಮ್ಮ’ ಎಂದು ನನ್ನ ಸೆರಗು ಹಿಡಿದು ಅತ್ತೆ. ಬಾಯಿ ಜೋರಿನವಳೆಂದು ಊರಲ್ಲೆಲ್ಲ ಹೆಸರಾದ ನಾನು ಅವನಿಗೆ ಒಂದು ಮಾತೂ ಆಡಲಿಲ್ಲ.

ಆ ಹಿಟ್ಟಿನ ಅಳತೆ ಹಾಕಿದ್ದು ನಾನೇ. ಹುರಿಗಡಲೆ, ಸೋಯಾ, ಹೆಸರುಕಾಳು, ಅಷ್ಟೇ. ಭಾರ ಎತ್ತುವವರಿಗೆ ಮಾಂಸಖಂಡ ಕಟ್ಟುವುದು ಪ್ರೋಟೀನು, ಎತ್ತಲು ಕಸುವು ಕೊಡುವುದು ಮುದ್ದೆ, ಖರ್ಚಾಗದ ಕ್ಯಾಲೊರಿಯೆಲ್ಲ ಕೊಬ್ಬಾಗಿ ಕೂರುತ್ತದೆ ಎಂದು ನಿನಗೆ ಹೇಳಿಕೊಟ್ಟವಳೂ ನಾನೇ. ಪ್ರೋಟೀನಾದರೆ ಗ್ರಾಮಿಗೆ ನಾಲ್ಕು ಕ್ಯಾಲೊರಿ, ತುಪ್ಪವಾದರೆ ಒಂಬತ್ತು. ಬಸುರಿಯರಿಗೆ ಚಾರ್ಟು ತೋರಿಸಿ ಪಾಠ ಮಾಡುವವಳಿಗೆ ಇದು ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಅದೇ ವರ್ಷ, ಆಯ್ಕೆಗೆ ಮುಂಚೆ, ಯುಗಾದಿ ಕಳೆದ ಮೇಲೆ ಕುಣಿಗಲ್‌ನವರು ನಿನ್ನನ್ನು ನೋಡಲು ಬಂದಿದ್ದರಲ್ಲ. ಹುಡುಗನ ತಾಯಿ ನಿನ್ನ ತೋಳು ಹಿಸುಕಿ, ‘ಏನವ್ವಾ, ಗಂಡಸ್ರ ತೋಳಿದ್ದಂಗವೆ. ಒಸಿ ಮೈ ತುಂಬ್ಕಂಡು ಮೆತ್ತಗಾಗ್ಲಿ, ಆಮೇಲ್ ಮಾತಾಡಾನ’ ಎಂದು ಕಾಫಿ ಕುಡಿದು ಎದ್ದುಹೋದಳು. ಅವಳ ಬಾಯಿಗೆ ಹುಳ ಬೀಳ! ನೀನು ನಕ್ಕುಬಿಟ್ಟೆ. ನನಗೆ ನಗು ಬರಲಿಲ್ಲ.

ನಾಳೆ ನಮ್ಮೂರ ಚಿಕ್ಕಹನುಮಯ್ಯ ನಿಮ್ಮ ಮರಳೂರಿಗೆ ಬರುತ್ತಾನೆ. ಅವನ ಕೈಯಲ್ಲಿ ಮೂರು ಗಂಟು ಕಳಿಸುತ್ತಿದ್ದೇನೆ. ಹಿಟ್ಟಲ್ಲ, ಬರೀ ಕಾಳು. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ನಿನ್ನ ಒಡಲು ತಣ್ಣಗಿರಲಿ, ಮಗಳೇ.

ಇಂತಿ ನಿನ್ನ ಅಮ್ಮ
ರಂಗಲಕ್ಷ್ಮಮ್ಮ

ತಾ.ಕ.: ನೀನು ಕದ್ದು ತಿಂದಿರಲಿಲ್ಲ. ಕುಣಿಗಲ್‌ನವರು ಬಂದುಹೋದ ಆ ವಾರದಿಂದಲೇ ನಿನ್ನ ಹಿಟ್ಟಿಗೆ ನಾನು ಕೊಬ್ಬರಿ ಪುಡಿ ಬೆರೆಸಿ, ಧಾರಾಳವಾಗಿ ತುಪ್ಪ ಸುರಿದು ಹುರಿಯುತ್ತಿದ್ದೆ. ‘ಈ ಸಲ ಎಷ್ಟು ಘಮಘಮ ಅಂತಿದೆ, ಏನ್ ಹಾಕ್ದೆಯಮ್ಮ?’ ಎಂದು ನೀನು ಕೇಳಿದ್ದೆ. ‘ಕಾಳು ಚೆನ್ನಾಗಿ ಹುರ್ದಿದೀನಿ ಕಣೇ’ ಎಂದಿದ್ದೆ ನಾನು. ನಿನ್ನ ತೋಳಿನ ಖಂಡ ಕೊಬ್ಬಿನಲ್ಲಿ ಮುಚ್ಚಿಹೋಗಲಿ ಎಂದು ಗೊತ್ತಿದ್ದೇ ಮಾಡಿದೆ. ನೀನು ಮೆತ್ತಗಾದೆ. ಅವರು ಮತ್ತೆ ಬರಲೇ ಇಲ್ಲ. ಕಾಳನ್ನು ನೀನೇ ಹುರಿದುಕೋ. ನನ್ನ ಕೈಯನ್ನು ನಂಬಬೇಡ.