ಬೆಳ್ಳಿಯ ಕೈಯೊಳಗಿನ ಮೂಳೆ

ಎವರ್‌ಗ್ರೀನ್, ಸ್ಯಾನ್ ಹೋಸೆ
ಭಾನುವಾರ, 9 ಮಾರ್ಚ್ 2025

ಪ್ರೀತಿಯ ಭಾವನಾ,

ಫೋನಿನಲ್ಲಾದರೆ ನಾನು ಜಗಳಕ್ಕೆ ನಿಲ್ಲುತ್ತೇನೆ, ನೀನು ಅಳುತ್ತೀಯ. ಅದಕ್ಕೇ ಈ ಕಾಗದ. ನಾಳೆ ಮಾನ್ಯಾ ನಿನ್ನ ಮ್ಯೂಸಿಯಂ ಕಡೆ ಬರುತ್ತಾಳಂತೆ, ಅವಳ ಕೈಲೇ ಕಳಿಸುತ್ತಿದ್ದೇನೆ. ನನ್ನ ಮಗಳಿಗೆ ಕನ್ನಡ ಓದಲು ಬರುವುದಿಲ್ಲವೆಂಬುದು ಇವತ್ತೊಂದು ದಿನ ಅನುಕೂಲವಾಯಿತು.

ಅಮ್ಮನ ಅಸ್ಥಿಯ ಕುಡಿಕೆಯನ್ನು ಬೆಳಿಗ್ಗೆ ನಮ್ಮ ಗರಾಜಿನಿಂದ ಎತ್ತಿಕೊಂಡು ಹೋದೆಯಲ್ಲ, ಕಾರಿನಲ್ಲಿ ಅದಕ್ಕೆ ಸೀಟ್‌ಬೆಲ್ಟು ಕೂಡ ಹಾಕಿದೆ. ಗುರುವಾರ ವಿಮಾನ, ಆಮೇಲೆ ಶ್ರೀರಂಗಪಟ್ಟಣ. ನಾನು ನಗುತ್ತಾ ಕೈ ಬೀಸಿದೆ. ಆ ನಗು ಸುಳ್ಳು. ಹೊಟ್ಟೆ ಉರಿಯುತ್ತಿತ್ತು ಕಣೇ.

ಈ ಉರಿ ಶುರುವಾದದ್ದು ನಿನ್ನ ಬೆಳ್ಳಿಯ ಕೈಯಿಂದ. ಹೋದ ವರ್ಷ ಅಮ್ಮನನ್ನು ವೀಲ್‌ಚೇರಿನಲ್ಲಿ ನಿನ್ನ ಮ್ಯೂಸಿಯಂಗೆ ಕರೆತಂದಿದ್ದಾಗ, ನೀನು ಎರಡು ವರ್ಷ ಕೂತು ಸರಿಪಡಿಸಿದ್ದ ಅದನ್ನು ಗಾಜಿನೊಳಗೆ ತೋರಿಸಿ ಕಥೆ ಹೇಳಿದೆ. ಎಂಟುನೂರು ವರ್ಷದ ಹಿಂದೆ ಇಟಲಿಯ ಬೆಟ್ಟದೂರೊಂದರಲ್ಲಿ ಕುಷ್ಠರೋಗಿಗಳ ಕಾಲು ತೊಳೆಯುತ್ತಿದ್ದ ಸನ್ಯಾಸಿನಿ. ಅವಳು ಸತ್ತಾಗ ನಮ್ಮವಳು, ನಮ್ಮವಳು ಎಂದು ಎರಡು ಊರಿನವರು ಹೊಡೆದಾಡಿದರಂತೆ. ದೇಹ ಒಂದೂರಿಗೆ ಹೋಯಿತು. ಇನ್ನೊಂದೂರಿನವರು ಬೆರಳಿನ ಮೂಳೆಯೊಂದನ್ನು ಕದ್ದು, ಅದಕ್ಕೆ ಬೆಳ್ಳಿಯ ಕೈ ಮಾಡಿಸಿ ಚರ್ಚಿನಲ್ಲಿಟ್ಟು ದೀಪ ಹಚ್ಚಿದರು. ಭೂಕಂಪಕ್ಕೆ ಚರ್ಚು ಬಿತ್ತು, ಪಾದ್ರಿ ಅದನ್ನು ಮಾರಿದ, ಇಲ್ಲಿಯ ಶ್ರೀಮಂತನೊಬ್ಬನ ಶೋಕೇಸಿನಲ್ಲಿ ಮೂವತ್ತು ವರ್ಷ ಇತ್ತು. ಅವನು ಹೋದ ಮೇಲೆ ಮ್ಯೂಸಿಯಂಗೆ ಬಂತು.

"ಒಳಗೆ ಇನ್ನೂ ಇದಾಳೇನೇ?" ಎಂದು ಅಮ್ಮ ಕೇಳಿದಳು. ಇದ್ದಾಳೆ, ರೇಷ್ಮೆಯಲ್ಲಿ ಸುತ್ತಿದ್ದಾರೆ, ಎಕ್ಸ್‌ರೇಯಲ್ಲಿ ಕಂಡಿತು ಎಂದೆ ನೀನು. ಅಮ್ಮ ಕೈಮುಗಿದಳು. "ಇವಳ ಕೈಲಿದ್ರೆ ಮೂಳೆಗೂ ನೋವಾಗಲ್ಲ. ನನ್ನನ್ನೂ ಭಾವನಾನೇ ನೀರಿಗೆ ಬಿಡ್ಲಿ" ಎಂದಳು. ವೀಲ್‌ಚೇರಿನ ಹಿಂದೆ ಹಿಡಿಕೆ ಹಿಡಿದು ನಿಂತಿದ್ದವಳು ನಾನು.

ಏಳು ವರ್ಷ ಅವಳಿಗೆ ಸ್ನಾನ ಮಾಡಿಸಿದ್ದು ನಾನು, ಅನ್ನ ಕಲಸಿ ತಿನ್ನಿಸಿದ್ದು ನಾನು. ನಿನಗೆ ಗಾಜಿನ ಪೆಟ್ಟಿಗೆ, ನನಗೆ ದಿನಕ್ಕೊಂದು ಖಾನೆಯ ಮಾತ್ರೆಯ ಡಬ್ಬಿ. ನೀನು ಭಾನುವಾರ ಬಂದು ಉಗುರು ಕತ್ತರಿಸಿ ಹೋದರೆ ಶನಿವಾರದವರೆಗೂ ಅದೇ ಸುದ್ದಿ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಅಂದರೇ?

ಆ ದಿನ ಮನೆಗೆ ಬಂದ ಮೇಲೆ, ಹೆಣದ ಮೂಳೆ ಮುಟ್ಟುವವಳು ತಲೆಗೆ ಸ್ನಾನ ಮಾಡದೆ ಅಡುಗೆಮನೆಗೆ ಬರಕೂಡದು ಎಂದು ನಿನ್ನನ್ನು ಬಚ್ಚಲಿಗೆ ಅಟ್ಟಿದೆನಲ್ಲ, ಅದು ಮಡಿಯಲ್ಲ, ಮತ್ಸರ. ನೀನು ಸ್ನಾನ ಮಾಡಿ ಬಂದೆ. ಅಮ್ಮ ವೀಲ್‌ಚೇರಿನಲ್ಲಿ ಕೂತೇ ನಿನ್ನ ತಲೆ ಒರೆಸಿದಳು. ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಪುರೋಹಿತ ಶೇಷಾದ್ರಿಗಳ ಮಾತು ನಿನಗೂ ಗೊತ್ತು. ಇಲ್ಲಿಯ ಚಿತಾಗಾರದವರು ಸುಟ್ಟ ಮೂಳೆಯನ್ನು ಪುಡಿ ಮಾಡಿಯೇ ಕೊಡುತ್ತಾರೆ, ಹಾಗೆ ಮಾಡದಂತೆ ಬರೆಸಿಕೊಟ್ಟವರೂ ಅವರೇ. ಅಸ್ಥಿ ಮನೆಯೊಳಗೆ ಬರಬಾರದು, ಒಂದು ಚೂರೂ ಹಿಂದೆ ಉಳಿಯಬಾರದು, ಉಳಿದರೆ ಹೋದವರಿಗೆ ದಾರಿ ಸಿಗುವುದಿಲ್ಲ ಎಂದಿದ್ದರು. ಕುಡಿಕೆಗೆ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದವಳು ನಾನೊಬ್ಬಳೇ. ಗಂಟು ಬಿಚ್ಚಬೇಡ ಎಂದು ಬೆಳಿಗ್ಗೆ ನಿನಗೆ ಮೂರು ಸಲ ಹೇಳಿದೆ.

ಬುಧವಾರ ಸಂಜೆ ಊಟಕ್ಕೆ ಬಾ. ಕುಡಿಕೆಯನ್ನೂ ತಾ. ಹುಳಿಯನ್ನ ಮಾಡಿರುತ್ತೇನೆ. ಸ್ನಾನ ಮಾಡು ಅನ್ನುವುದಿಲ್ಲ.

ನಿನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟೂ ನಿನ್ನನ್ನು ಬಿಟ್ಟಿರಲಾರದ,
ಅಕ್ಕ ಮೈಥಿಲಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕುಡಿಕೆಯಲ್ಲಿ ಅಮ್ಮ ಪೂರ್ತಿ ಇಲ್ಲ. ಒಂದು ಚೂರು, ಬೆರಳಿನದೇ ಇರಬೇಕು, ನಾನು ತೆಗೆದಿಟ್ಟುಕೊಂಡೆ. ಅವಳ ರೇಷ್ಮೆ ಸೀರೆಯ ಸೆರಗಿನ ತುಂಡಿನಲ್ಲಿ ಸುತ್ತಿ, ಅವಳ ಮಾತ್ರೆಯ ಡಬ್ಬಿಯಲ್ಲಿ, ಭಾನುವಾರದ ಖಾನೆಯಲ್ಲಿ ಇಟ್ಟಿದ್ದೇನೆ. ಆ ಒಂದು ದಿನವೂ ನನಗೇ ಇರಲಿ ಅನ್ನಿಸಿತ್ತು. ಈಗ ಅವಳಿಗೆ ದಾರಿ ಸಿಗದೆ ನಿಂತಿದ್ದರೆ ಅಂತ ಭಯವಾಗುತ್ತಿದೆ, ಆದರೂ ನನ್ನ ಕೈಯಿಂದ ಬಿಡಲಾಗುತ್ತಿಲ್ಲ. ನೀನೇ ಬಂದು ತೆಗೆದುಕೋ. ನಿನ್ನ ಕೈಲಾದರೆ ಅವಳಿಗೆ ನೋವಾಗುವುದಿಲ್ಲ.