ಹನ್ನೊಂದು ಜಪಾನ್ ಗುಂಡಿ

೭ ಮೇ ೧೯೭೮, ಸಂಶಿ

ಲಗ್ನದ ಸೀಜನ್. ಒಂಬತ್ತು ಪೋಲಕಾ, ಮದುಮಗನ ಕೋಟು ಒಂದು. ಅಳತೆ ಕೊಟ್ಟಾಗ ಇಲ್ಲದ ಹೊಟ್ಟೆ ಟ್ರಾಯಲ್ ದಿನ ಬಂದಿದೆ. ಎರಡು ಸಲ ಬಿಚ್ಚಿ ಹೊಲಿದೆ. ಮೂರನೇ ಸಲ ಬಂದರೆ ಹೊಟ್ಟೆಯನ್ನೇ ಕತ್ತರಿಸುತ್ತೇನೆ.

ಸಂಜೆ ಮಷೀನು ಮುಚ್ಚಿ ಬಿಸ್ಕೀಟಿನ ಡಬ್ಬಿ ತೆಗೆದೆ. ಹನ್ನೊಂದೂ ಗುಂಡಿ ಇವೆ. ಇಲಿ, ಕಪ್ಪೆ, ನಗುವ ಮುದುಕ... ಹದಿನೇಳು ವರ್ಷದ ಹಿಂದೆ ಒಬ್ಬ ಮಾಜಿ ಸೈನಿಕ ಹಳೇ ಕೋಟು ಸಣ್ಣ ಮಾಡಲು ಕೊಟ್ಟಿದ್ದ. ಕಿಸೆಯಲ್ಲಿ ದಂತದ ಇಲಿ. ಹೊಲಿಗೆ ಕೂಲಿಯ ಬದಲಿಗೆ ಅದನ್ನೇ ಕೇಳಿದೆ, ನಗುತ್ತ ಕೊಟ್ಟ. ಜಪಾನಿನದಂತೆ. ಮಹಾಯುದ್ಧ ಮುಗಿದ ಮೇಲೆ ನಮ್ಮ ಕಡೆಯ ಕೆಲವರು ಅಲ್ಲಿ ಕಾವಲಿಗೆ ಇದ್ದರು, ಟ್ರಂಕಿನಲ್ಲಿ ತಂದವು ಹಳ್ಳಿಹಳ್ಳಿ ಸೇರಿವೆ. ಅಂದು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಅಣ್ಣಿಗೇರಿಯಲ್ಲಿ ಸಿಕ್ಕ ಎತ್ತೇ ಇವುಗಳಲ್ಲಿ ರಾಜ. ಕಾಲು ಮಡಚಿ ಮಲಗಿದೆ, ಮೂಗುದಾರ ಬೆನ್ನ ಮೇಲೆ ಬಿದ್ದಿದೆ. ಮುಟ್ಟಿದರೆ ಎದ್ದೀತು ಅನಿಸುತ್ತದೆ. ಎಲ್ಲಕ್ಕೂ ಕೆಳಗೆ ಎರಡು ತೂತು, ಅಂದ ಮೇಲೆ ಕೋಟಿನ ಗುಂಡಿಗಳೇ. ಒಂದು ತೂತು ಸಣ್ಣ, ಒಂದು ದೊಡ್ಡ — ದಾರ ಉಜ್ಜಿ ಸವೆದದ್ದು. ಎತ್ತಿನ ದೊಡ್ಡ ತೂತಿಗೆ ಹೋದ ವರ್ಷವೇ ಅರಗು ತುಂಬಿ ಒಪ್ಪ ಮಾಡಿದ್ದೇನೆ.

ಮನೆಗೆ ಒಯ್ಯುವಂತಿಲ್ಲ. ಹೆಂಡತಿ ಮಾಬುಬಿಯ ಕಾಯ್ದೆ. "ಗೊಂಬಿ ಇದ್ದ ಮನಿಗೆ ಫರಿಸ್ತೆ ಬರಂಗಿಲ್ರಿ. ನಿಮ್ಮ ಅಂಗಡ್ಯಾಗ ಇಟ್ಕೋರಿ." ಅಂಗಡಿಗೆ ದೇವದೂತರು ಬೇಡ, ಗಿರಾಕಿ ಬಂದರೆ ಸಾಕು.

ಪ್ಯಾಂಟು ಒಯ್ಯಲು ಬಂದ ಬಸ್ ಕಂಡಕ್ಟರ್ ಡಬ್ಬಿ ನೋಡಿ ಹೇಳಿದ — ಕಲಘಟಗಿ ಕಡೆ ಬಮ್ಮಿಗಟ್ಟಿಯಲ್ಲಿ ಹೊಳೆಪ್ಪ ಎಂಬವನಿದ್ದಾನೆ, ಮಿಲಿಟರಿ ಲಾರಿ ಓಡಿಸಿದವ, ಜಪಾನ್ ನೋಡಿದವ. ಹೋಗಬೇಕು.

೧೬ ಮೇ, ಸಂಜೆ

ಬಮ್ಮಿಗಟ್ಟಿಯಿಂದ ಈಗ ಬಂದೆ. ಕಾಲು ತೊಳೆಯದೆ ಬರೆಯಲು ಕೂತೆ.

ಹೊಳೆಪ್ಪಕಾಕಾನ ಹತ್ತಿರ ಗುಂಡಿ ಇಲ್ಲ. ಕೊರಳಲ್ಲಿ ಒಂದು ಕರಡಿಗೆ ಇದೆ. ಬೆಳ್ಳಿಯದಲ್ಲ! ಕಟ್ಟಿಗೆಯದು, ಕನ್ನಡಿಯಂಥ ಕಪ್ಪು ಮೆರುಗು. ಮೇಲೆ ಬಂಗಾರದ ಪುಡಿಯಲ್ಲಿ ಮೂರು ಹಕ್ಕಿ ಹಾರುತ್ತಿವೆ, ಕೆಳಗೆ ಜೊಂಡು. ಮುಚ್ಚಳ ಕೂಡುವ ಗೆರೆ ಹುಡುಕಿದರೂ ಕಾಣದು. ಎರಡೂ ಬದಿಗೆ ದಾರ ತೂರಲು ಸಣ್ಣ ಕೊಳವೆ. ಅದರೊಳಗೆ ಅವನ ಇಷ್ಟಲಿಂಗ. ಮೂವತ್ತೆರಡು ವರ್ಷದಿಂದ.

ಅವನೇ ಹೇಳಿದ ಕಥೆ ಬರೆದಿಡುತ್ತೇನೆ, ಮರೆಯಬಾರದು.

"ಹಡಗದಾಗ ಪೂಜಿಗೆ ಕುಂತಿದ್ದೆ. ಲಿಂಗ ಕೈಯಾಗಿತ್ತು, ಬಾಜೂಕ ಇಟ್ಟ ಬೆಳ್ಳಿ ಕರಡಿಗಿ ಯಾವನೋ ಹೊಡಕೊಂಡ ಹೋದಾ. ಜಪಾನ್ ಮುಟ್ಟೂತನಕಾ ಲಿಂಗ ಅರಿವ್ಯಾಗ ಕಟ್ಕೊಂಡ ತಿರಗಿದೆ. ಅಲ್ಲೊಂದು ಅಂಗಡ್ಯಾಗ ನೋಡ್ತೀನಿ — ಇದು! ಅಲ್ಲಲೇ, ಇಲ್ಲೂ ನಮ್ಮ ಲಿಂಗಾಯತರು ಅದಾರಲ್ಲೋ ಅಂತ ಖುಷಿ ಆತು. ಒಳಗ ಹೋಗಿ ಮುದುಕಗ ಕೈ ಮುಗದು 'ಶರಣ್ರಿ' ಅಂದೆ. ಅಂವ ನಡಾ ಬಗ್ಗಿಸಿ ನೆಲಾ ಮುಟ್ಟೂವಂಗ ಶರಣು ಮಾಡಿದಾ! ಇನ್ನ ಸಂಶೇ ಎಲ್ಲಿಂದ? ಎರಡ ಡಬ್ಬಿ ಸಿಗರೇಟ್ ಕೊಟ್ಟು ತಗೊಂಡೆ. ತಿಂಗಳ ಮ್ಯಾಲೆ ಗೊತ್ತಾತು, ಅಲ್ಲಿ ಎಲ್ಲಾರೂ ಎಲ್ಲಾರಿಗೂ ಹಂಗ ಬಗ್ಗತಾರಂತ."

ಹೆಂಡತಿ ನೀಲಕ್ಕ ಈ ಕಥೆ ಸಾವಿರ ಸಲ ಕೇಳಿರಬೇಕು, ಆದರೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ನನ್ನ ಗುಂಡಿಗಳನ್ನು ತೋರಿಸಿದೆ. ಕಾಕಾ ನಕ್ಕ. ಗುಂಡಿಯಲ್ಲವಂತೆ. ಆ ದೇಶದ ಹಳೇ ಉಡುಪಿಗೆ ಕಿಸೆ ಇಲ್ಲ. ಔಷಧಿ, ಮುದ್ರೆ ಇಡುವ ಇಂಥ ಡಬ್ಬಿಯ ದಾರವನ್ನು ನಡುಪಟ್ಟಿಯ ಕೆಳಗಿಂದ ತೂರಿಸಿ ತುದಿಗೆ ಇದನ್ನು ಕಟ್ಟುತ್ತಿದ್ದರು, ಡಬ್ಬಿ ಜಾರಬಾರದೆಂದು. ಹೆಸರು ನೆತ್ಸುಕೆ. ದೊಡ್ಡ ತೂತು ಗಂಟು ಅಡಗಲಿಕ್ಕೆ! ಮೂವತ್ತು ವರ್ಷ ದರ್ಜಿ ಕೆಲಸ ಮಾಡಿ ಗಂಟಿನ ಮನೆಗೆ ಅರಗು ತುಂಬಿದ್ದೇನೆ. ನಾಚಿಕೆಯಾಯಿತು.

ಕರಡಿಗೆ ಕೊಡುತ್ತೀರಾ ಎಂದು ಕೇಳಿದೆ. "ಮೈಮ್ಯಾಲಿಂದು ಕೇಳ್ತಿಯಲ್ಲೋ ದಾವೂದ," ಎಂದ. ಸಿಟ್ಟಿರಲಿಲ್ಲ. ಕೆಮ್ಮಿದ. ಬಹಳ ಕೆಮ್ಮುತ್ತಾನೆ.

೧೭ ಮೇ

ಲಿಂಗಾಯತರು ಲಿಂಗದೊಡನೆಯೇ ಮಣ್ಣಿಗೆ ಹೋಗುತ್ತಾರೆ. ಊರಲ್ಲಿ ಹುಟ್ಟಿದಾಗಿನಿಂದ ಕೇಳಿದ್ದೇನೆ. ಅಂದರೆ ಆ ಹಕ್ಕಿಗಳೂ ಮಣ್ಣಿಗೆ. ಬೆಳಗಿನಿಂದ ಇದೊಂದೇ ತಲೆಯಲ್ಲಿ. ಅರವತ್ತೊಂದು ವಯಸ್ಸು, ಆ ಕೆಮ್ಮು...

ಥೂ. ಏನು ಲೆಕ್ಕ ಹಾಕುತ್ತಿದ್ದೇನೆ.

೪ ಜೂನ್, ರಾತ್ರಿ ಊಟಕ್ಕೆ ಮುಂಚೆ

ಹುಬ್ಬಳ್ಳಿಯಲ್ಲಿ ಬೆಳ್ಳಿ ಕರಡಿಗೆ ಕೊಂಡು ಮತ್ತೆ ಬಮ್ಮಿಗಟ್ಟಿಗೆ ಹೋದೆ. ಅದಲು ಬದಲು ಎಂದೆ. ಕಾಕಾ ಕೈಯಲ್ಲಿ ತೂಗಿ ನೋಡಿ ತಿರುಗಿ ಕೊಟ್ಟ. "ಇದು ಚೊಲೋ ಐತಿ. ಖರೇ ನನಗ ಅದ ರೂಢಿ ಆಗೇತಿ."

ಆಗಷ್ಟೇ ಪೂಜೆ ಮುಗಿಸಿದ್ದ. ಲಿಂಗ ಒಳಗಿಟ್ಟು ಮುಚ್ಚುವಾಗ ನೋಡಿದೆ. ಎಡಬದಿಯ ಕೊಳವೆಯ ಬಾಯಿಯಲ್ಲಿ ದಾರ ಸವೆದಿದೆ. ಮೂರು ಎಳೆಯಲ್ಲಿ ಎರಡು ಹೋಗಿವೆ. ಮುಚ್ಚಳ ಕೂತ ಮೇಲೆ ಹೊರಗೆ ಕಾಣುವುದಿಲ್ಲ, ಅವನ ಕಣ್ಣೂ ಮಂದ. ದರ್ಜಿಯ ಕಣ್ಣಿಗೆ ಮಾತ್ರ ಸಿಕ್ಕಿತು.

ಹೇಳಲಿಲ್ಲ.

ದಾರ ಹರಿದು ಒಮ್ಮೆ ಬಿದ್ದರೆ ಆ ಕರಡಿಗೆಯ ಮೇಲಿನ ನಂಬಿಕೆ ಹೋಗುತ್ತದೆ, ಬೆಳ್ಳಿಯದಕ್ಕೆ ತಾನೇ ಒಪ್ಪುತ್ತಾನೆ — ಇದು ಒಂದು ಕ್ಷಣದಲ್ಲಿ ಹೊಳೆಯಿತು. ಇಷ್ಟು ಚುರುಕು ಬುದ್ಧಿ ನನಗಿದೆ ಎಂದು ಗೊತ್ತಿರಲಿಲ್ಲ. ನೀಲಕ್ಕ ಕಟ್ಟಿಕೊಟ್ಟ ರೊಟ್ಟಿಯ ಗಂಟನ್ನು ಬಿಚ್ಚದೆ ಹಾಗೇ ಮನೆಗೆ ತಂದೆ.

೬ ಜೂನ್

ಶಾಲೆ ಬಟ್ಟೆಯ ಆರ್ಡರ್. ಇಪ್ಪತ್ತು ಚಡ್ಡಿ. ಕರಡಿಗೆಯ ವಿಷಯ ಬರೆಯುವುದಿಲ್ಲ.

೨೯ ಜೂನ್, ಸಂಜೆ

ಮೂರು ದಿನದಿಂದ ಮಳೆ. ಇವತ್ತು ಒಂದು ಅಂಗಿಯ ಎಡಗೈ ತೋಳನ್ನು ಬಲಗೈಗೆ ಹಚ್ಚಿದೆ. ಬಿಚ್ಚಿ ಮತ್ತೆ ಹಾಗೇ ಹಚ್ಚಿದೆ. ಮಾಬುಬಿ ಚಹಾ ತಂದವಳು ಅಂಗಿ ಎತ್ತಿ ನೋಡಿದಳು.

"ಏನಾಗೇತ್ರಿ ನಿಮಗ? ತಿಂಗಳಾತು, ಹಾಸಿಗ್ಯಾಗೂ ಹೊಳ್ಳ್ಯಾಡತೀರಿ."

ಹೇಳಿಬಿಟ್ಟೆ. ಎಲ್ಲವನ್ನೂ.

ಅಂಗಿಯನ್ನು ಮಡಚಿ ಮಷೀನಿನ ಮೇಲಿಟ್ಟಳು. ಆಮೇಲೆ: "ಬಾವಿ ದಂಡಿಗೆ ಆಡೂ ಕೂಸನ್ನ ನೋಡಿ ಸುಮ್ನ ಬಂದಂಗ ಆತಲ್ರಿ ಇದು. ಅವರು ಅದನ್ನ ಜೀವದಕಿಂತ ಹೆಚ್ಚ ಹಚ್ಚಿಕೊಂಡಿರತಾರ. ಈಗ ಗದ್ಯಾಗ ಬಗ್ಗಿ ಕಳೆ ತಗೀತಿರತಾರ. ಕೆಸರಾಗ ಬಿದ್ದರ ಸಿಗತೈತೇನು?"

ಕೆಸರು! ಅದು ನನಗೆ ಹೊಳೆದೇ ಇರಲಿಲ್ಲ. ಕರಡಿಗೆ ಬಿದ್ದರೆ ಮುಚ್ಚಳ ಬಿಚ್ಚಿಕೊಳ್ಳುತ್ತದೆ, ಒಳಗಿನ ಲಿಂಗ ಕೆಸರಿನ ಪಾಲು. ಯಾ ಅಲ್ಲಾ, ನಾನೆಂಥ ಮನುಷ್ಯ.

ಆರೆಳೆ ರೇಷ್ಮೆ ದಾರ ಹೊಸೆದು ಮೇಣ ತೀಡಿದೆ. ಆದರೆ ಎಂಥ ದಾರವಾದರೂ ಗಂಟಿನ ಹತ್ತಿರ ಸವೆಯುತ್ತದೆ. ಗಂಟಿಗೆ ಒಂದು ಮನೆ ಬೇಕು. ಡಬ್ಬಿ ತೆಗೆದು ಎತ್ತನ್ನು ಬಹಳ ಹೊತ್ತು ಹಿಡಿದು ಕೂತೆ. ಆಮೇಲೆ ಸೂಜಿ ಕಾಯಿಸಿ ದೊಡ್ಡ ತೂತಿನ ಅರಗನ್ನೆಲ್ಲ ತೆಗೆದೆ.

ನಾಳೆ ಮೊದಲ ಬಸ್ಸು.

೩೦ ಜೂನ್, ಬಮ್ಮಿಗಟ್ಟಿ, ಮಧ್ಯಾಹ್ನ ೩

ಕೊನೆಯ ಬಸ್ಸಿಗೆ ಹೊತ್ತಿದೆ. ಇಲ್ಲೇ ಅವರ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮನೆಯಲ್ಲಿ ನೀಲಕ್ಕ ಒಬ್ಬಳೇ ಇದ್ದಳು. "ಗದ್ದಿಗೆ ಹೋಗ್ಯಾರ. ಕೆಮ್ಮ ಐತಿ, ಬಗ್ಗಬ್ಯಾಡ್ರಿ ಅಂದ್ರ ಯಾರ ಮಾತ ಕೇಳತಾರ?" ಓಡಿದೆ. ಚಪ್ಪಲಿ ಒಂದು ಕೆಸರಲ್ಲೇ ಉಳಿಯಿತು. ದೂರದಿಂದ ಕಂಡ — ಮೊಣಕಾಲು ನೀರಲ್ಲಿ ಬಗ್ಗಿದ್ದಾನೆ, ಕರಡಿಗೆ ಅಂಗಿಯ ಹೊರಗೆ ತೂಗಾಡುತ್ತಿದೆ.

"ಕಾಕಾ! ಬಗ್ಗಬ್ಯಾಡ್ರಿ! ಹಂಗ ನಿಂದರ್ರಿ!"

ಹಾವು ಕಂಡೆನೆಂದು ತಿಳಿದು ಹಾಗೇ ನಿಂತ. ನಾನು ಹೋಗಿ ಕರಡಿಗೆಯ ಕೆಳಗೆ ಎರಡೂ ಕೈ ಬೊಗಸೆ ಹಿಡಿದೆ. ಮುಟ್ಟಲಿಲ್ಲ, ಬರೇ ಹಿಡಿದುಕೊಂಡೆ. ಹಾಗೇ ಇಬ್ಬರೂ ಬದುವಿಗೆ ಬಂದೆವು. ನೋಡಿದವರು ಏನೆಂದುಕೊಂಡರೋ.

ಒಂದೇ ಎಳೆ ಉಳಿದಿತ್ತು. ಅದೂ ಅರ್ಧ.

ಕಾಕಾ ಕೈ ತೊಳೆದು ಲಿಂಗ ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡು ಕೂತ. ಖಾಲಿ ಕರಡಿಗೆ ನನ್ನ ಕೈಗೆ ಬಂತು. ಮೊದಲ ಸಲ. ಹಗುರವಾಗಿತ್ತು. ಹಳೇ ದಾರ ಎಳೆಯುತ್ತ ಹೇಳಿದೆ — ಹೋದ ಸಲವೇ ನೋಡಿದ್ದೆ, ಬೇಕೆಂದೇ ಹೇಳಲಿಲ್ಲ. ತಲೆ ಎತ್ತಲಾಗಲಿಲ್ಲ.

"ಎಷ್ಟ ದಿನಾ ಆತು?"

"ಇಪ್ಪತ್ತಾರು ದಿನಾ ಆತ್ರಿ."

"ಅಷ್ಟ ದಿನಾ ನಿದ್ದಿ ಹತ್ತಿಲ್ಲೇನ ನಿನಗ?"

"ಇಲ್ರಿ."

"ನನಗಂತೂ ಚೊಲೋ ಹತ್ತೇತಿ." ಬಲಗೈಯಿಂದ ಹಳೇ ದಾರದ ತುದಿ ಎತ್ತಿ ನೋಡಿದ. "ಸಿಟ್ಟು ಬಂದೈತಿ ಮತ್ತ. ಇಲ್ಲ ಅನ್ನಂಗಿಲ್ಲ. ಆದ್ರ ಓಡಿ ಬಂದ್ಯಲ್ಲ. ಇಷ್ಟ ಯಾಕ ಆಸೆ ಬಿದ್ದಿ ಅದಕ?"

"ಮಣ್ಣಿಗೆ ಹೋಗತೈತಲ್ರಿ ಕಾಕಾ... ಆ ಹಕ್ಕಿ..."

ಆಗ ನಗಲು ಶುರು ಮಾಡಿದ. ನಕ್ಕು, ಕೆಮ್ಮಿ, ಮತ್ತೆ ನಕ್ಕ. ಎಡಗೈ ಮಾತ್ರ ಅಲುಗಲಿಲ್ಲ. "ಲೇ ಹುಚ್ಚಪ್ಪಾ! ಲಿಂಗ ಹೋಗೂದು ಹಿಂಗ, ಅಂಗೈಯಾಗ. ಕರಡಿಗಿ ಮನ್ಯಾಗ ಉಳೀತೈತಿ. ಕೇಳಬಾರದಾಗಿತ್ತೇನ? ಮೊಮ್ಮಗಳು ಗೌರಕ್ಕಗ ಅಂತ ಯಾವಾಗೋ ಹೇಳಿಟ್ಟೀನಿ."

ಹದಿನೇಳು ವರ್ಷ ಹಳ್ಳಿಹಳ್ಳಿ ಅಲೆದು ಎಲ್ಲರ ಟ್ರಂಕು ಕೆದಕಿದವನು ಈ ಒಂದು ಪ್ರಶ್ನೆ ಕೇಳಲಿಲ್ಲ. ಹಕ್ಕಿಗಳು ಉಳಿಯುತ್ತವೆ. ನನಗೆ ಸಿಗುವುದಿಲ್ಲ, ಆದರೆ ಉಳಿಯುತ್ತವೆ. ಅಲ್ಲೇ ಬದುವಿನ ಮೇಲೆ ಅತ್ತೆ. ಖುಷಿಗೋ ದುಃಖಕ್ಕೋ, ಎರಡಕ್ಕೂ ಇರಬೇಕು.

ಹೊಸ ದಾರ ಎರಡೂ ಕೊಳವೆಗೆ ತೂರಿಸಿದೆ. ತುದಿಗಳನ್ನು ಎತ್ತಿನ ಹೊಟ್ಟೆಯಲ್ಲಿ ಕೂಡಿಸಿ ಗಂಟು ಹಾಕಿ ಎಳೆದೆ. ಗಂಟು ದೊಡ್ಡ ತೂತಿನೊಳಗೆ ಹೋಗಿ ಕೂತಿತು, ತನ್ನ ಮನೆ ಗೊತ್ತಿದ್ದಂತೆ. ಎತ್ತು ಕೊರಳ ಹಿಂದೆ, ಕರಡಿಗೆ ಎದೆಯ ಮೇಲೆ. ಮನೆಗೆ ಬಂದು ಅವನ ಅಂಗಿಯ ಕಾಲರಿನ ಹಿಂದೆ ಒಂದು ದಾರದ ಕುಣಿಕೆ ಹೊಲಿದೆ. ಎತ್ತನ್ನು ಅದರಲ್ಲಿ ಸಿಕ್ಕಿಸಿದರೆ ಬಗ್ಗಿದರೂ ಕರಡಿಗೆ ತೂಗಾಡುವುದಿಲ್ಲ. ಕೊನೆಗೂ ಗುಂಡಿಯನ್ನಾಗಿಯೇ ಮಾಡಿದೆ.

ನೀಲಕ್ಕ ಹಿಂದಿನಿಂದ ನೋಡಿ ಕೈ ಮುಗಿದಳು. "ಬಸವಣ್ಣ ಬಂದು ಕುಂತಾನಲ್ಲ!"

"ಹತ್ತು ವರ್ಷ ಬಾಳತೈತ್ರಿ ಈ ದಾರ," ಎಂದೆ.

"ಹಂಗಾರ ವರ್ಷಾ ಇದ ದಿನ ಬಂದು ತೋರಸ್ತೀನಿ. ನಿನ್ನ ಮ್ಯಾಲೆ ನನಗ ನಂಬಿಕಿ ಇಲ್ಲ," ಎಂದ ಕಾಕಾ. ಮೀಸೆಯಡಿ ನಗು.

೧ ಜುಲೈ

ಡಬ್ಬಿಯಲ್ಲಿ ಹತ್ತು. ಎತ್ತಿನ ಜಾಗ ಖಾಲಿ. ಹತ್ತಿ ತುಂಬಲು ಹೋಗಿ ಬಿಟ್ಟೆ. ರಾತ್ರಿ ಚೆನ್ನಾಗಿ ನಿದ್ದೆ.

೧೪ ಜನವರಿ ೧೯೭೯

ಕಂಡಕ್ಟರ್ ಹೇಳಿದ, ಹೊಳೆಪ್ಪ ಆಸ್ಪತ್ರೆಯಲ್ಲಿದ್ದಾನಂತೆ, ಎದೆಯ ಕಾಯಿಲೆ. ಅವನು ಗುಣವಾಗಲೆಂದು ಮಾಬುಬಿ ಮಸೀದಿಗೆ ಸಕ್ಕರೆ ಕಳಿಸಿದಳು. ಹೋದ ವರ್ಷ ಇದೇ ಕೆಮ್ಮು ಕೇಳಿ ನಾನು ಹಾಕಿದ ಲೆಕ್ಕ ನೆನಪಾಯಿತು. ಯಾರಾದರೂ ನನ್ನ ಕೆನ್ನೆಗೆ ಹೊಡೆಯಬಾರದೇ.

೩೦ ಜೂನ್ ೧೯೭೯, ಬೆಳಿಗ್ಗೆ ೧೦

ಆರೆಳೆ ದಾರ ಹೊಸೆದು ಸಿದ್ಧ ಮಾಡಿದ್ದೇನೆ. ಹೊಲಿಗೆ ಮುಟ್ಟಿಲ್ಲ. ಹುಬ್ಬಳ್ಳಿ ಬಸ್ಸು ಬಂತು. ಇಳಿದವರಲ್ಲಿ ಕಾಕಾ ಇಲ್ಲ.

೧೧.೩೦

ಇನ್ನೊಂದು ಬಂತು. ಇಲ್ಲ. ಮಾಬುಬಿ ಎರಡು ಸಲ ಬಂದು ಇಣುಕಿ ಹೋದಳು. ಊಟಕ್ಕೆ ಅವನಿಗೂ ರೊಟ್ಟಿ ಬಡಿದಿದ್ದಾಳಂತೆ.

೧.೧೦

ಬಸ್ಸು ನಿಂತಿದೆ. ಗದ್ದಲ. ಶೇಂಗಾದ ಗಾಡಿಯ ಹತ್ತಿರ ಯಾರೋ ನಿಂತಿದ್ದಾನೆ, ಪಕ್ಕದಲ್ಲಿ ಎರಡು ಜಡೆಯ ಹುಡುಗಿ. ಬಹಳ ಸೊರಗಿದ ಬೆನ್ನು. ಮುಖ ಕಾಣದು. ಕಾಲರಿನ ಮೇಲೆ ಏನೋ ಬೆಳ್ಳಗೆ... ಕಾಲು ಮಡಚಿ ಮಲಗಿದೆ... ಎತ್ತು! ನನ್ನ ಎತ್ತು! ಮಾಬುಬಿ, ಚಹಾ ಇಡು! ಕಾಕಾ ಬಂದ—